ರಟ್ಟಿನ ಕೆಳಗಿನ ಮೂರು ಗಾಲಿ

"ಒಂದು ರುಜು ಹಾಕಪ್ಪ, ಎಲ್ಲರೂ ನಮ್ಮ ನಮ್ಮ ಕೆಲಸ ನೋಡ್ಕೊಳ್ಳೋಣ" ಎಂದು ಸ್ಕೇಟಿಂಗ್ ರಿಂಕಿನ ಯಜಮಾನ ಪೆನ್ನಿನ ಮುಚ್ಚಳವನ್ನು ತಾನೇ ತೆಗೆದು ಮುಂದೆ ಹಿಡಿದ.

ಚೌಕಟ್ಟಿನ ಅಂಗಡಿಯ ಅಕ್ಕತಮ್ಮಂದಿರಲ್ಲಿ ತಮ್ಮ ಕೈ ಚಾಚಿದ. ಬೆರಳು ಪೆನ್ನನ್ನು ಮುಟ್ಟುವ ಮೊದಲೇ ಇಬ್ಬರ ನಡುವೆ ಮೇಜಿನ ಮೇಲೆ ಒಂದು ಸುತ್ತಿಗೆ ಬಂದು ಕೂತಿತು.

ಬಡಿದದ್ದಲ್ಲ, ಇಟ್ಟದ್ದು. ಆದರೆ ಸುತ್ತಿಗೆಯಕ್ಕ ಏನನ್ನು ಇಟ್ಟರೂ ಬಡಿದ ಹಾಗೇ ಕೇಳಿಸುತ್ತದೆ. ಅವಳು ಚಿತ್ರಗಳಿಗೆ ಚೌಕಟ್ಟು ಹಾಕುವ ಕೆಲಸಕ್ಕೆ ಇಳಿದು ಇಪ್ಪತ್ತಾರು ವರ್ಷ. ಬೀದಿಯ ಜನ ಅವಳ ನಿಜವಾದ ಹೆಸರನ್ನು ಮರೆತೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಕೈಯಲ್ಲೂ ಅದೇ, ಬಾಯಲ್ಲೂ ಅದೇ ಎಂದು ಇಟ್ಟ ಹೆಸರು.

"ಓದದೇ ರುಜು ಹಾಕೋ ರೂಢಿ ನಮ್ಮಲ್ಲಿಲ್ಲ" ಎಂದಳು. ತಮ್ಮನ ಕಡೆ ತಿರುಗಿ, "ನೀನು ಕೈ ಹಿಂದಕ್ಕೆ ತಗೋ. ಯಾರಾದರೂ ಕೊಟ್ಟರೆ ಸಾಕು, ವಿಷವಾದರೂ ಚಾಚಿಬಿಡ್ತೀಯ" ಎಂದು ಗದರಿದಳು.

ಕಾಗದವನ್ನು ಎತ್ತಿಕೊಂಡು ಓದಿದಳು. ಒಂಬತ್ತು ಸಾಲು. ಪ್ರಿಂಟ್ ತೆಗೆಯಲೆಂದು ನನ್ನ ಕೈಗೆ ಕೊಟ್ಟಿದ್ದ ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಹಳೆಯ ಚಿತ್ರವನ್ನು ನಾನೇ ಲಪಟಾಯಿಸಿ, ಅದರ ಜಾಗದಲ್ಲಿ ನಕಲು ಕೂರಿಸಿದ್ದೇನೆ, ತಪ್ಪಾಯಿತು. ಮಿಕ್ಕದ್ದೆಲ್ಲ ಉಪಚಾರ.

ರಿಂಕಿನ ಹಜಾರದಲ್ಲಿ ಮೂರು ತಲೆಮಾರಿನಿಂದ ತೂಗುತ್ತಿದ್ದ ಆ ಚಿತ್ರ ಅಸಲಿಯಲ್ಲ ಎಂದು ಗೊತ್ತಾಗಿ ಸರಿಯಾಗಿ ಒಂದು ವಾರವಾಗಿತ್ತು. ಎಲ್ಲರಿಗೂ ಗೊತ್ತಿದ್ದ ಮಟ್ಟಿಗೆ ಅದನ್ನು ಕೊನೆಯ ಸಲ ಚೌಕಟ್ಟಿನಿಂದ ಹೊರಗೆ ತೆಗೆದವರು ಈ ಅಕ್ಕತಮ್ಮ ಇಬ್ಬರೇ.

ರುಜು ಬಿದ್ದರೆ ಪೊಲೀಸರಿಗೆ ಹೇಳುವುದಿಲ್ಲ ಎಂದು ಯಜಮಾನನ ಮಾತು. ಬೀಳದಿದ್ದರೆ ಹನ್ನೆರಡು ಗಂಟೆಗೆ ಠಾಣೆಯಿಂದ ಜನ ಬರುತ್ತಾರೆ. ಗೋಡೆಯ ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

ಎರಡೂ ಒಂದೇ ಎಂದು ಸುತ್ತಿಗೆಯಕ್ಕನಿಗೆ ಗೊತ್ತು. ಈ ಕಾಗದ ಒಂದು ಸಲ ಬೀದಿಗೆ ಬಿತ್ತೆಂದರೆ ಯಾವ ಮನೆಯವರೂ ತಮ್ಮ ಅಜ್ಜನ ಮಾಸಿದ ಫೋಟೋ ಕೂಡ ಇವರ ಕೈಗೆ ಕೊಡುವುದಿಲ್ಲ. ಚೌಕಟ್ಟು ಅವಳದು, ಪ್ರಿಂಟು ತಮ್ಮನದು. ಒಂದಕ್ಕೆ ಮಸಿ ಬಳಿದರೆ ಇನ್ನೊಂದಕ್ಕೂ ಬಳಿದಂತೆ.

"ಚೌಕಟ್ಟು ಬಿಚ್ಚಬೇಕು" ಎಂದಳು.

ಯಜಮಾನ ನಕ್ಕ. ಅದು ಪುರಾವೆ, ಮೊಹರು ಮಾಡಿ ತಂದದ್ದು, ಕಳ್ಳನ ಕೈಗೇ ಪುರಾವೆ ಕೊಡುವ ದಡ್ಡ ತಾನಲ್ಲ ಎಂದ. ರಿಂಕಿನಲ್ಲಿ ದಿನವೂ ನೂರು ಜನ ಜಾರಿ ಬೀಳುವುದನ್ನು ನೋಡಿ ನೋಡಿ ಅವನಿಗೊಂದು ನಗು ಅಭ್ಯಾಸವಾಗಿತ್ತು. ಬಿದ್ದವರಿಗೆ ಕೈ ಕೊಡದೇ ನಗುವ ನಗು.

"ಪುರಾವೆ ಇರೋದು ನೋಡೋಕೆ ಯಜಮಾನ್ರೆ, ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಳ್ಳೋಕಲ್ಲ." ಅವಳು ಮೂಲೆಯ ಕುರ್ಚಿಯತ್ತ ತಿರುಗಿದಳು. "ಮೇಷ್ಟ್ರೆ, ನೀವು ಹೇಳಿ. ಚಿತ್ರಾನ ನೀವು ಹೊರಗೆ ತೆಗೆದು ನೋಡಿದಿರಾ?"

ಕುರ್ಚಿಯಲ್ಲಿದ್ದವರು, ಚಿತ್ರವನ್ನು ಕೊಳ್ಳಬೇಕೆಂದಿದ್ದ ಗಿರಾಕಿ ಕಳಿಸಿದ ಪರೀಕ್ಷಕರು. ಹಳೆಯ ಚಿತ್ರಗಳ ಸತ್ಯಾಸತ್ಯ ನೋಡುವುದೇ ಕಸುಬು. ಕುತ್ತಿಗೆಯಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಭೂತಗನ್ನಡಿ ಮೇಷ್ಟ್ರು. ದಾರ ಸುತ್ತಿ ಅರಗು ಹಚ್ಚಿದ ಚೌಕಟ್ಟು ಅವರ ತೊಡೆಯ ಮೇಲಿತ್ತು.

ಇಲ್ಲ, ಗಾಜಿನ ಮೇಲಿಂದ ನೋಡಿದ್ದು ಎಂದು ಮೇಷ್ಟ್ರು ಒಪ್ಪಿಕೊಂಡರು. ಕೆತ್ತನೆಯಾದರೆ ಗೆರೆ ಅಖಂಡವಾಗಿರಬೇಕು. ಭೂತಗನ್ನಡಿಯಲ್ಲಿ ಇಲ್ಲಿ ಕಂಡದ್ದು ಹುಡಿ ಚೆಲ್ಲಿದಂತೆ ಪ್ರಿಂಟರಿನ ಚುಕ್ಕಿ. ಅಷ್ಟು ಸಾಕಿತ್ತು ನಕಲು ಎನ್ನಲು.

"ನಕಲು ಅನ್ನೋಕೆ ಸಾಕು. ಯಾರ ನಕಲು ಅನ್ನೋಕೆ ಸಾಕಾ?"

ಮೇಷ್ಟ್ರು ಜೇಬಿನಿಂದ ಚಾಕು ತೆಗೆದು ದಾರ ಕತ್ತರಿಸಿದರು. ಯಜಮಾನ ಬಾಯಿ ತೆರೆದ. ಮೇಷ್ಟ್ರು ತಲೆಯೆತ್ತದೆ, ಮೊಹರು ತಮ್ಮದು, ಒಡೆಯುವ ಅಧಿಕಾರವೂ ತಮ್ಮದು ಎಂದರು.

ಸುತ್ತಿಗೆಯಕ್ಕ ಮೇಜಿನ ಮೇಲೆ ಕಂಬಳಿ ಹಾಸಿ ಚೌಕಟ್ಟನ್ನು ಬೋರಲು ಮಲಗಿಸಿದಳು. ಹಿಂಬದಿಯ ಅಂಚಿಗೆ ಸುತ್ತಲೂ ಧೂಳು ಹೋಗದ ಹಾಗೆ ಕಂದು ಕಾಗದದ ಪಟ್ಟಿ ಅಂಟಿಸಿತ್ತು. ಅವಳು ಬಗ್ಗಿ ನೋಡಿದಳು. ಎರಡನೆಯ ಸಲ ನೋಡುವ ಅಗತ್ಯವೇ ಇರಲಿಲ್ಲ.

"ಈ ಪಟ್ಟಿ ನಾನು ಹಾಕಿದ್ದಲ್ಲ."

ಅವಳು ಪಟ್ಟಿಯನ್ನು ಎಂದೂ ಕತ್ತರಿಸುವವಳಲ್ಲ. ಒದ್ದೆ ಮಾಡಿ ಕೈಯಲ್ಲೇ ಹರಿಯುತ್ತಾಳೆ. ಹರಿದ ಅಂಚಿನ ಎಳೆಗಳು ಮರಕ್ಕೆ ಕಚ್ಚಿಕೊಂಡಷ್ಟು ಕತ್ತರಿಸಿದ ಅಂಚು ಕಚ್ಚುವುದಿಲ್ಲ. ಇಲ್ಲಿ ನಾಲ್ಕು ಮೂಲೆಯಲ್ಲೂ ಕತ್ತರಿಯ ನೇರ ಗೆರೆ. ಅಂಗಡಿಯ ಗೋಡೆಯ ಮೇಲೆ ಬೇರೆಯವರ ಹನ್ನೆರಡು ಚೌಕಟ್ಟುಗಳು ಕಾಯುತ್ತಿದ್ದವು. ಒಂದೊಂದನ್ನೂ ತಿರುಗಿಸಿ ಮೇಷ್ಟ್ರ ಮೂಗಿನ ಮುಂದೆ ಹಿಡಿದಳು. ಹನ್ನೆರಡಕ್ಕೂ ಹರಿದ ಅಂಚು.

ಚೌಕಟ್ಟು ತನ್ನ ಕೈಯಿಂದ ಹೋದ ಮೇಲೆ ಯಾರೋ ಬಿಚ್ಚಿ ಮತ್ತೆ ಮುಚ್ಚಿದ್ದಾರೆ ಎಂದು ಅವಳ ವಾದ. ಕತ್ತರಿ ಹಿಡಿಯಲು ಬಾರದ ಕೈ ಲೋಕದಲ್ಲಿ ಯಾವುದಿದೆ, ನೀನೇ ಬೇಕೆಂದು ಕತ್ತರಿಸಿ ಅಂಟಿಸಿರಬಹುದು ಎಂದು ಯಜಮಾನನ ಉತ್ತರ. ಮೇಷ್ಟ್ರು ಯಾವ ಕಡೆಗೂ ತಲೆಯಾಡಿಸಲಿಲ್ಲ.

ಅದು ನ್ಯಾಯವೇ. ಅವಳಿಗೂ ಹಾಗೆ ಅನಿಸಿತು, ಹಾಗೆ ಅನಿಸಿದ್ದಕ್ಕೆ ಸಿಟ್ಟೂ ಬಂತು. ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದಳು. ಹಿಂದಿನ ಹಲಗೆ ಎದ್ದಿತು. ಅದರ ಕೆಳಗೆ ಚಿತ್ರ, ಚಿತ್ರದ ಮುಂದೆ ನಡುವೆ ಕಿಟಕಿ ಕೊರೆದ ದಪ್ಪ ರಟ್ಟು. ಗೋಡೆಯ ಮೇಲಿದ್ದಾಗ ಜನರಿಗೆ ಕಾಣುವುದು ಆ ಕಿಟಕಿಯೊಳಗಿನ ಭಾಗ ಮಾತ್ರ.

ಅವಳು ಚಿತ್ರವನ್ನು ಎತ್ತಿ ಬೆಳಕಿಗೆ ತಿರುಗಿಸಿದಳು.

ಕರಿ ಕೋಟು, ಎತ್ತರದ ಟೋಪಿಯ ಒಬ್ಬ ಗಂಡಸು. ಅವನ ಒಂದೊಂದು ಬೂಟಿನಡಿಯಲ್ಲೂ ಒಂದು ಮರದ ಹಲಗೆ, ಹಲಗೆಗೆ ಒಂದರ ಹಿಂದೆ ಒಂದು ಎರಡೇ ಗಾಲಿ, ಎಲ್ಲವನ್ನೂ ಚರ್ಮದ ಪಟ್ಟಿಯಿಂದ ಕಾಲಿಗೆ ಬಿಗಿದಿತ್ತು. ಕಾಲಿಗೆ ಗಾಲಿ ಕಟ್ಟಿಕೊಂಡು ಓಡುವ ಚಪಲ ಮನುಷ್ಯನಿಗೆ ಹೊಸದಾಗಿ ಹತ್ತಿದ ಕಾಲ. ಓಡುವುದು ಗೊತ್ತಿತ್ತು, ನಿಲ್ಲುವುದು ಯಾರಿಗೂ ಗೊತ್ತಿರಲಿಲ್ಲ. ಒಂದು ಕಾಲು ಇತ್ತ, ಇನ್ನೊಂದು ಅತ್ತ. ಮುಂದೆ ಒಂದು ನಾಯಿ ಪ್ರಾಣ ಉಳಿದರೆ ಸಾಕೆಂದು ಓಡುತ್ತಿದೆ. ಪಕ್ಕದಲ್ಲೊಬ್ಬ ಹೆಂಗಸು ನಗುವನ್ನು ಬೀಸಣಿಗೆಯಲ್ಲಿ ಮುಚ್ಚಿಕೊಂಡಿದ್ದಾಳೆ. ಇನ್ನೊಂದು ಗಳಿಗೆಗೆ ಅವನು ಬೀಳುವುದು ಖಂಡಿತ. ಆದರೂ ಮುಖದಲ್ಲಿ ಗಾಬರಿಯಿಲ್ಲ. ಒಂದು ಕೈಯಲ್ಲಿ ಟೋಪಿ ಸರಿ ಮಾಡಿಕೊಳ್ಳುತ್ತಿದ್ದಾನೆ.

ಮೊದಲ ಸಲ ನೋಡಿದಾಗಲೇ ಸುತ್ತಿಗೆಯಕ್ಕನಿಗೆ ಆ ಗಂಡಸು ಹಿಡಿಸಿದ್ದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯಲ್ಲ ಅವನು. ಬೀಳುವುದಕ್ಕೆ ಮೊದಲೇ ಮೀಸೆ ತಿರುವಿಕೊಳ್ಳುವ ಜಾತಿ.

ಈಗ ಅವಳು ಅವನನ್ನು ನೋಡಲಿಲ್ಲ. ರಟ್ಟಿನಡಿ ಅಡಗಿದ್ದ ಅಂಚನ್ನು ನೋಡಿದಳು. ಅಂಚು ಬೆಳ್ಳಗಿತ್ತು. ಪೂರಾ ಖಾಲಿ.

"ಹೋಗಿ ಇಪ್ಪತ್ತೊಂದನೇ ಪ್ರಿಂಟ್ ತಗೊಂಡು ಬಾ" ಎಂದಳು ತಮ್ಮನಿಗೆ.

ಅವನು ಕದಲಲಿಲ್ಲ.

"ಕಾಲಿಗೆ ಬೇರು ಬಿಟ್ಟಿದೆಯಾ?"

ಅವನು ನಿಧಾನವಾಗಿ ಬೀರುವಿನತ್ತ ನಡೆದ. ಯಜಮಾನನಿಗೆ ಇಪ್ಪತ್ತು ಪ್ರಿಂಟ್ ಮಾಡಿ, ಚಿತ್ರದಷ್ಟಕ್ಕೇ ಅಂಚು ಕತ್ತರಿಸಿ ಕೊಟ್ಟಿದ್ದರು, ರಿಂಕಿಗೆ ಬರುವ ದೊಡ್ಡ ಮನುಷ್ಯರಿಗೆ ಉಡುಗೊರೆ ಕೊಡಲೆಂದು. ಒಂದೊಂದು ಕೆಲಸದಲ್ಲೂ ಒಂದು ಪ್ರಿಂಟನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುವುದು ತಮ್ಮನ ಪದ್ಧತಿ. ನಾಳೆ ಯಾರಾದರೂ ಬಣ್ಣ ಮಾಸಿತು ಎಂದು ಜಗಳಕ್ಕೆ ಬಂದರೆ ಪಕ್ಕದಲ್ಲಿಟ್ಟು ತೋರಿಸಲು. ಅದನ್ನು ತಂದು ಮೇಜಿನ ಮೇಲಿಟ್ಟ.

ಅದರಲ್ಲಿ ಚಿತ್ರ ಮಾತ್ರವಲ್ಲ, ಹಳೆಯ ಹಾಳೆ ಇಡಿಯಾಗಿ ಬಂದಿತ್ತು. ಅಚ್ಚು ಒತ್ತುವಾಗ ತಾಮ್ರದ ತಗಡಿನ ಅಂಚು ಕಾಗದದಲ್ಲಿ ಮೂಡಿಸಿದ ತಗ್ಗಿನ ಗೆರೆ ಕೂಡ ನೆರಳಿನಂತೆ ಕಾಣುತ್ತಿತ್ತು. ಆ ಗೆರೆಯ ಒಳಗೆ, ಕೆಳಗಿನ ಬಲಮೂಲೆಯಲ್ಲಿ, ಸಾಸಿವೆಗಿಂತ ತುಸು ದೊಡ್ಡದಾಗಿ ಮೂರು ಪುಟ್ಟ ಗಾಲಿ. ಕೆತ್ತುವವನು ತನ್ನ ಉಳಿಯ ಹದ ನೋಡಲು ಗೀರಿ ನೋಡಿದ್ದು. ಅಳಿಸಲು ಮರೆತನೋ, ಮನಸ್ಸಾಗಲಿಲ್ಲವೋ.

"ನಿಮ್ಮ ಚೌಕಟ್ಟಿನಲ್ಲಿ ಈ ಮೂರು ಗಾಲಿ ರಟ್ಟಿನ ಕೆಳಗೆ ಮುಚ್ಚಿಹೋಗಿದ್ವು. ಅವು ಇವೆ ಅಂತ ನಿಮಗೂ ಗೊತ್ತಿರಲಿಲ್ಲ" ಎಂದಳು ಯಜಮಾನನಿಗೆ.

ಆ ಗಾಲಿಗಳು ಇವರ ಕೈಚಳಕವಿರಬೇಕು, ಅಸಲಿಯಲ್ಲಿ ಇದ್ದವೆಂದು ಹೇಳುವವರು ಯಾರು ಎಂದು ಯಜಮಾನ ದನಿ ಏರಿಸಿದ.

ಹೇಳಿದವರು ಮೇಷ್ಟ್ರು. ಅದೇ ತಗಡಿನಿಂದ ತೆಗೆದ ಇನ್ನೊಂದು ಪ್ರತಿಯನ್ನು ತಾವು ಬಹಳ ಹಿಂದೆ ಬೇರೆಯವರ ಸಂಗ್ರಹದಲ್ಲಿ ಕಂಡಿದ್ದಾಗಿ ಹೇಳಿ, ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಹಾಳೆ ಮಗುಚಿದರು. ಪೆನ್ಸಿಲಿನಲ್ಲಿ ಮಾಡಿಕೊಂಡಿದ್ದ ಗುರುತು. ಕೆಳಗಿನ ಬಲಮೂಲೆ, ಮೂರು ಗಾಲಿ.

ಸುತ್ತಿಗೆಯಕ್ಕ ಎರಡೂ ಕೈಗಳನ್ನು ಮೇಜಿಗೆ ಊರಿದಳು.

"ನನ್ನ ತಮ್ಮ ಕಳ್ಳ ಅಂತಾನೇ ಇಟ್ಟುಕೊಳ್ಳೋಣ. ಪೂರ್ತಿ ಹಾಳೆ ಅವನ ಕೈಯಲ್ಲಿತ್ತು. ಪೂರ್ತಿ ನಕಲು ಮಾಡಿ ಇಪ್ಪತ್ತೊಂದು ಪ್ರಿಂಟ್ ತೆಗೆದಿದ್ದ. ಇನ್ನೊಂದು ತೆಗೆದು ಒಳಗೆ ಕೂರಿಸಿದ್ದರೆ ಆಗೋಗ್ತಿತ್ತು. ಅದು ಬಿಟ್ಟು, ಕಿಟಕಿಯಲ್ಲಿ ಕಾಣೋಷ್ಟೇ ಚಿತ್ರ ಮಾಡಿ, ಸುತ್ತ ಬಿಳೀ ಕಾಗದ ಬಿಟ್ಟು ಯಾಕೆ ಕೂರಿಸ್ತಾನೆ? ಇದನ್ನ ಮಾಡಿದವನು ಮಾಡೋ ಹೊತ್ತಿಗೆ ಚಿತ್ರಾನ ರಟ್ಟಿನ ಆಚೆ ಒಂದು ಸಲಾನೂ ನೋಡಿರಲಿಲ್ಲ. ಗೋಡೆ ಮೇಲೆ ಕಂಡಷ್ಟೇ ಚಿತ್ರ ಅಂದುಕೊಂಡಿದ್ದಾನೆ. ನಮ್ಮ ಕಸುಬಿನವರು ಸತ್ತರೂ ಹಾಗೆ ಅಂದುಕೊಳ್ಳಲ್ಲ."

ಯಜಮಾನ ಹಣೆ ಒರೆಸಿಕೊಂಡ. ಸಿಕ್ಕಿಬಿದ್ದಾಗ ಹೀಗೆ ವಾದಿಸಲೆಂದೇ ಬೇಕಂತ ಖಾಲಿ ಬಿಟ್ಟಿರಬಹುದು ಎಂದ. ಆದರೆ ಈ ಸಲ ಅವನ ಮಾತು ಅವನಿಗೇ ಸಪ್ಪೆ ಎನಿಸಿದಂತಿತ್ತು.

ಅಷ್ಟರಲ್ಲಿ ಮೇಷ್ಟ್ರು ನಕಲನ್ನು ಬಾಗಿಲ ಹತ್ತಿರ ಒಯ್ದು ಭೂತಗನ್ನಡಿ ಹಿಡಿದಿದ್ದರು. ಗಂಡಸಿನ ಕರಿ ಕೋಟಿನ ಮೇಲೆ ಅವರ ಗಾಜು ನಿಂತುಬಿಟ್ಟಿತು.

"ಇದು ಕೆತ್ತನೆಯಲ್ಲಿ ಇರೋದಲ್ಲ" ಎಂದರು. "ಅಮ್ಮಾ, ಸ್ವಲ್ಪ ಬನ್ನಿ."

ಕೋಟಿನ ಕಪ್ಪಿನೊಳಗೆ, ಕಪ್ಪಿಗಿಂತ ಒಂದು ಕೂದಲೆಳೆ ತಿಳಿಯಾಗಿ, ಉದ್ದುದ್ದ ಗೆರೆಗಳು. ಗಾಜಿನ ಮೇಲಿಂದ ಫೋಟೋ ಹೊಡೆದಿದ್ದಾರೆ, ಎದುರಿಗಿದ್ದ ಯಾವುದೋ ಕಿಟಕಿಯ ಪ್ರತಿಬಿಂಬ ಗಾಜಿನಲ್ಲಿ ಬಿದ್ದಿದೆ ಎಂದು ಮೇಷ್ಟ್ರು ವಿವರಿಸಿದರು. ಕಿಟಕಿಯ ಸರಳುಗಳು. ಒಟ್ಟು ಏಳು. ಆರು ನೇರ ಕಬ್ಬಿಣ. ನಡುವಿನದೊಂದು ಮಾತ್ರ ದಪ್ಪ, ಅದಕ್ಕೆ ಏಣು ಏಣಾಗಿ ಏನೋ ಕೆತ್ತನೆ ಇರುವ ಹಾಗಿದೆ.

ಸುತ್ತಿಗೆಯಕ್ಕ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಮುರಿದುಹೋದ ಸರಳಿನ ಜಾಗಕ್ಕೆ ಉಳಿಕೆಯ ಚೌಕಟ್ಟಿನ ಪಟ್ಟಿಯೊಂದನ್ನು ಕತ್ತರಿಸಿ ಕೂರಿಸಿದವಳು ಅವಳೇ. ಇಂಥ ಕಿಟಕಿ ಊರಲ್ಲಿ ಇನ್ನೊಂದಿಲ್ಲ.

ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಬಾಯಿ ಮುಚ್ಚಿಕೊಂಡಿರಬೇಕು ಎನಿಸಿತು. ಮೇಷ್ಟ್ರ ಬೆನ್ನು ಆ ಕಿಟಕಿಗಿತ್ತು. ಯಜಮಾನ ರುಜುವಿನ ಕಾಗದ ನೋಡುತ್ತಿದ್ದ. ರಿಂಕಿನ ಕಿಟಕಿಯಿರಬೇಕು ಎಂದರೆ ನಂಬುತ್ತಿದ್ದರು. ಆದರೆ ಇನ್ನೊಬ್ಬರ ಸುಳ್ಳನ್ನು ಬೆಳಗಿನಿಂದ ಬಡಿಯುತ್ತಿದ್ದವಳಿಗೆ ತನ್ನದೊಂದು ಸುಳ್ಳು ಗಂಟಲಿನಿಂದ ಮೇಲೆ ಬರಲಿಲ್ಲ.

"ನಮ್ಮ ಕಿಟಕಿ" ಎಂದಳು. "ನಿಮ್ಮ ಹಿಂದೆ ಇದೆ, ನೋಡಿ."

ಪ್ರಿಂಟಿಗೆ ಬೇಕಾದ ಕಾಗದ ಬರುವುದು ತಡವಾಗಿ ಆ ಚಿತ್ರ ಬಿಚ್ಚದೆ ಎರಡು ದಿನ ಎದುರು ಗೋಡೆಗೆ ಒರಗಿಕೊಂಡಿತ್ತು ಎಂದೂ ಅವಳೇ ಹೇಳಿದಳು. ಮೂರನೆಯ ದಿನ ಬಿಚ್ಚಿದ್ದು. ಫೋಟೋ ಹೊಡೆದದ್ದು ಆ ಎರಡು ದಿನಗಳಲ್ಲೇ ಇರಬೇಕು.

ಯಜಮಾನ ಎದ್ದು ನಿಂತೇಬಿಟ್ಟ. ಇಷ್ಟು ಹೊತ್ತು ಸುತ್ತಿ ಬಳಸಿ ಕೊನೆಗೆ ನಿಮ್ಮ ಮನೆ ಬಾಗಿಲಿಗೇ ಬಂತಲ್ಲಮ್ಮ ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎಂದ.

"ಬಂದರೆ ಬರಲಿ. ನನ್ನ ಮನೆ ಬಾಗಿಲಿಗೆ ಬಂತು ಅಂತ ನಿಜಾನ ಅಲ್ಲಿಂದಲೇ ಓಡಿಸ್ತೀನಾ?"

ಮೇಷ್ಟ್ರು ಭೂತಗನ್ನಡಿ ಇಳಿಸಿ ಶಾಂತವಾಗಿ ಕೇಳಿದರು. "ಈ ಬಾಗಿಲಿಗೆ ಕೀ ಎಷ್ಟಿವೆಯಮ್ಮ?"

"ಮೂರು. ಒಂದು ನನ್ನ ಹತ್ತಿರ. ಒಂದು ಇವನ ಹತ್ತಿರ. ಇನ್ನೊಂದು..."

ಪೆನ್ನು ಕಾಗದದ ಮೇಲೆ ಗೀರಿದ ಸದ್ದು ಕೇಳಿಸಿತು.

ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿ, ತಮ್ಮ ನಿಂತುಕೊಂಡೇ ಒಂಬತ್ತು ಸಾಲಿನ ಕೆಳಗೆ ರುಜು ಹಾಕಿ ಮುಗಿಸಿದ್ದ.

"ನಾನೇ ಮಾಡಿದ್ದು" ಎಂದ, ಯಾರ ಮುಖವನ್ನೂ ನೋಡದೆ. "ಸಾಕು ಅಕ್ಕ. ಬಿಡು."

ಅವಳ ಕೈ ಮೇಲೆದ್ದಿತು. ಚಿಕ್ಕಂದಿನಲ್ಲಾಗಿದ್ದರೆ ಬೆನ್ನಿಗೆ ಬಿದ್ದಿರುತ್ತಿತ್ತು. ಆದರೆ ಅವನ ಕಣ್ಣು ನೋಡಿದಳು. ಸಿಕ್ಕಿಬಿದ್ದವನ ಕಣ್ಣಲ್ಲ. ಭಾರ ಹೊತ್ತುಕೊಂಡವನ ಕಣ್ಣು. ಬೆಳಗಿನಿಂದ ಇವನು ಪೆನ್ನಿಗೆ ಕೈ ಚಾಚುತ್ತಿದ್ದುದು ಹೆದರಿಕೆಯಿಂದಲ್ಲ. ಇದು ಯಾರ ಕೆಲಸವೆಂದು ಇವನಿಗೆ ಗೊತ್ತಿದೆ. ಅವಳಿಗಿಂತ ಮೊದಲೇ ಗೊತ್ತಿದೆ. ಅವಳಿಗೆ ಗೊತ್ತಾಗಬಾರದೆಂದೇ ಇಷ್ಟೆಲ್ಲ.

ಮೂರನೆಯ ಕೀ ಅವಳ ಗಂಡನ ಹತ್ತಿರ ಇತ್ತು.

ಗಂಡ ಮಹಡಿಯ ಮೇಲೆ ಕ್ಯಾಮೆರಾ ರಿಪೇರಿ ಮಾಡುವವನು. ಕ್ಯಾಮೆರಾದ ಹೊಟ್ಟೆಯೊಳಗಿನ ತಿರುಪು ತಿರುಪೂ ಗೊತ್ತು, ಫೋಟೋ ತೆಗೆಯುವುದು ಮಾತ್ರ ಅಷ್ಟಕ್ಕಷ್ಟೆ. ಹತ್ತೊಂಬತ್ತು ವರ್ಷದ ಸಂಸಾರ. ಅವಳು ದಿನಕ್ಕೆ ಮೂರು ಸಲ ರೇಗುತ್ತಾಳೆ, ಅವನು ಮೂರು ಸಲವೂ ನಗುತ್ತಾನೆ. ಅವಳ ಮೇಜಿನ ಒಂದು ಮೊಳೆಯನ್ನೂ ಎಂದೂ ಮುಟ್ಟಿದವನಲ್ಲ. ರಟ್ಟಿನ ಕೆಳಗೆ ಏನಿರುತ್ತದೆ ಎಂದು ಒಮ್ಮೆಯಾದರೂ ಕೇಳಿದವನಲ್ಲ.

ಯಜಮಾನ ಕಾಗದವನ್ನು ಮಡಿಸಿ ಜೇಬಿಗೆ ಇಳಿಸುತ್ತಿದ್ದ. ಬೆಳಗಿನಿಂದ ಮೊದಲ ಸಲ ಅವನ ಹೆಗಲು ಸಡಿಲವಾಗಿತ್ತು.

"ನಿಲ್ಲಿ" ಎಂದಳು ಸುತ್ತಿಗೆಯಕ್ಕ. ದನಿ ಏರಿರಲಿಲ್ಲ. ಏರದಿದ್ದುದಕ್ಕೇ ತಮ್ಮ ಬೆಚ್ಚಿಬಿದ್ದ. "ಮೇಷ್ಟ್ರು ಕೇಳಿದ್ದಕ್ಕೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮೂರನೇ ಕೀ ನಮ್ಮ ಮನೆಯವರ ಹತ್ತಿರ ಇದೆ. ಮೇಲೇ ಇದ್ದಾರೆ. ಕರೀತೀನಿ."

"ಅಕ್ಕ, ಬೇಡ."

"ನೀನು ಸುಮ್ಮನಿರು. ನನ್ನ ಸಂಸಾರ ಉಳಿಸೋಕೆ ನಿನ್ನ ಹೆಸರು ಕೊಡು ಅಂತ ನಾನು ಯಾವತ್ತು ಕೇಳಿದ್ದೆ? ಅಷ್ಟು ಅಗ್ಗದ ಸಂಸಾರ ಆದರೆ ಅದು ಇರೋದೇ ಬೇಡ."

ಅವಳು ಮೆಟ್ಟಿಲಿನತ್ತ ತಿರುಗಿದಳು. ಹಿಂದಿನಿಂದ ಪರ್ರೆಂದು ಕಾಗದ ಹರಿದ ಸದ್ದು ಬಂತು.

ಯಜಮಾನ ಆ ರುಜುವಿನ ಕಾಗದವನ್ನು ಎರಡಾಗಿ ಹರಿದಿದ್ದ. ಅವಳು ನೋಡನೋಡುತ್ತಲೇ ನಾಲ್ಕಾಗಿ ಹರಿದ. ವಾರವೆಲ್ಲ ಹಟ ಹಿಡಿದು ಕೂತು, ಬೆಳಗ್ಗೆ ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟು ಪಡೆದ ರುಜು.

ಒಂದು ಹಳೆಯ ಚಿತ್ರಕ್ಕಾಗಿ ಒಂದು ಮನೆ ಮುರಿಯುವುದು ಬೇಡವೆಂದ. ಪೊಲೀಸರಿಗೆ ತಾನೇ ಹೇಳಿ ಕಳಿಸುತ್ತೇನೆ, ದೂರೇ ಇಲ್ಲವೆಂದುಕೊಳ್ಳಿ ಎಂದ. ಮಾತಿನ ಮೇಲೆ ಮಾತು ಬೀಳುತ್ತಿತ್ತು. ಮೇಷ್ಟ್ರು ಕುರ್ಚಿಯ ಬೆನ್ನನ್ನು ಹಿಡಿದು ಅವನನ್ನೇ ನೋಡುತ್ತಾ ನಿಂತರು.

"ಹೋಗಲಿ ಬಿಡಿ ಅಮ್ಮ" ಎಂದ ಯಜಮಾನ. "ಪಾಪ, ಆ ಮೊಣಕಾಲು ಇಟ್ಟುಕೊಂಡು ಅವರನ್ನ ಮೆಟ್ಟಿಲು ಇಳಿಸಬೇಡಿ."

ಸುತ್ತಿಗೆಯಕ್ಕನ ಒಂದು ಕಾಲು ಮೊದಲ ಮೆಟ್ಟಿಲಿನ ಮೇಲಿತ್ತು. ಅದು ಅಲ್ಲೇ ನಿಂತಿತು.

ಗಂಡ ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡದ್ದು ನಿನ್ನೆ ಸಂಜೆ. ಹಾಗೆಂದು ಅವನು ಹೇಳಿದ್ದ. ಅವಳೇ ಬಿಸಿ ಕಾವು ಕೊಟ್ಟು ಬಟ್ಟೆ ಸುತ್ತಿದ್ದಳು. ಆಮೇಲೆ ಅವನು ಮಹಡಿಯಿಂದ ಇಳಿದಿಲ್ಲ. ಮೇಲಕ್ಕೆ ಯಾರೂ ಹೋಗಿಲ್ಲ. ತಮ್ಮನಿಗೂ ಅವಳು ಹೇಳಿರಲಿಲ್ಲ. ತಮ್ಮನ ಮುಖದಲ್ಲಿ ಈಗ ಮೂಡಿದ ಅಚ್ಚರಿಯೇ ಅದಕ್ಕೆ ಸಾಕ್ಷಿ.

ಅವಳ ಗಂಡನ ಮುಖವನ್ನೇ ನೋಡಿಲ್ಲವೆಂದು ಈ ಯಜಮಾನ ಮೊನ್ನೆ ತಾನೇ ಇದೇ ಅಂಗಡಿಯಲ್ಲಿ ನಿಂತು ಹೇಳಿದ್ದ. ನಕಲನ್ನು ಕೊಳ್ಳುವವರಿಗೆ ದಾಟಿಸಿ ಅಸಲನ್ನು ಉಳಿಸಿಕೊಳ್ಳಲು ಇಬ್ಬರೂ ಸೇರಿ ಹೂಡಿದ ಆಟವಿರಬೇಕು ಇದು.

ಅವಳು ಮೆಟ್ಟಿಲಿನಿಂದ ಕಾಲು ತೆಗೆದಳು. ಯಜಮಾನನ ಪಕ್ಕದಿಂದಲೇ ನಡೆದುಹೋಗಿ ಬೀದಿ ಬಾಗಿಲಿನ ಅಗುಳಿ ಹಾಕಿದಳು. ವಾಪಸು ಬಂದು, ನೆಲದ ಮೇಲೆ ಬಿದ್ದಿದ್ದ ನಾಲ್ಕು ಚೂರುಗಳನ್ನು ಒಂದೊಂದಾಗಿ ಆಯ್ದು ಮೇಷ್ಟ್ರ ಕೈಗೆ ಕೊಟ್ಟಳು. ಯಜಮಾನ ಗಡಿಯಾರ ನೋಡಿದ. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

"ಪೊಲೀಸರು ಬರಲಿ, ಯಜಮಾನ್ರೆ" ಎಂದಳು. "ಈಗ ಕರೆಸಬೇಕು ಅಂತಿರೋಳು ನಾನು."

ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ, ಹತ್ತೊಂಬತ್ತು ವರ್ಷ ಊಟಕ್ಕೆ ಕರೆದ ಅದೇ ದನಿಯಲ್ಲಿ ಕರೆದಳು.

"ರೀ, ಕೆಳಗೆ ಬನ್ನಿ. ನಿಮ್ಮ ಸ್ನೇಹಿತರು ಬಂದಿದ್ದಾರೆ."

ಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಹಲಗೆಯ ನೆಲದ ಮೇಲೆ ಹೆಜ್ಜೆಗಳು ಹೊರಟವು. ಕುಂಟದೆ, ಎಡವದೆ, ಎರಡು ಗಟ್ಟಿ ಕಾಲುಗಳ ಹೆಜ್ಜೆ, ಮೆಟ್ಟಿಲಿನ ಕಡೆಗಲ್ಲ, ಹಿಂದಿನ ಬಾಲ್ಕನಿಯ ಕಡೆಗೆ.